ಮೊದಲು ಚಾಸಿ, ಆಮೇಲೆ ಕೊಂಡಿ



ಕಳೆದ ರಾಜ್ಯೋತ್ಸವದ ದಿನ ಸಭಾಂಗಣದ ಹಿಂಬಾಗಿಲಲ್ಲಿ ಪಾತ್ರೆ-ಪಗಡ ಇಳಿಸುತ್ತಿದ್ದಾಗ ಮೂರು-ನಾಲ್ಕು ಜನ ನನ್ನ ಪಿಕಪ್ಪಿನ ಹಿಂದೆ ಬಗ್ಗಿ ನೋಡಿ, "ಈ ಟ್ರೇಲರ್ ಕೊಂಡಿ ಎಲ್ಲಿ ಹಾಕಿಸಿದ್ರಿ, ಎಷ್ಟಾಯ್ತು?" ಎಂದು ಕೇಳಿದರು. "ನಾನೇ ಹಾಕಿದೆ" ಎಂದೆ. ಅವರಲ್ಲಿ ಒಬ್ಬರು ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದು ನಿಂತರು! ಅವರ ಅನುಮಾನ ತಪ್ಪಲ್ಲ ಬಿಡಿ. ಹಗಲೆಲ್ಲ ಕಂಪ್ಯೂಟರ್ ಮುಂದೆ ಕೂರುವವನು ಕೈಗೆ ಸ್ಪ್ಯಾನರ್ ತೆಗೆದುಕೊಂಡರೆ ನನ್ನ ಮನೆಯಲ್ಲೂ ಇದೇ ಪ್ರತಿಕ್ರಿಯೆ. ಆದರೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಮರೆತಿದ್ದ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪಾಠ ಹದಿನೈದು ವರ್ಷಗಳ ಮೇಲೆ ಮೊದಲ ಬಾರಿ ಉಪಯೋಗಕ್ಕೆ ಬಂದದ್ದು ಈ ಕೆಲಸದಲ್ಲೇ. ಕೇಳಿದವರಿಗೆಲ್ಲ ಒಂದೇ ಸಲ ಉತ್ತರವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಕೊಂಡಿಯನ್ನು ಸರಿಯಾಗಿ ಕೂರಿಸಿದ ಮೇಲೂ ಒಮ್ಮೆ ಆಟೊಬಾನ್ ಮೇಲೆ ನನ್ನ ಜೀವ ಬಾಯಿಗೆ ಬಂದಿತ್ತು. ಆ ಕಥೆಯೂ ಮುಂದೆ ಇದೆ.

ಜರ್ಮನಿಯಲ್ಲಿ ಇದಕ್ಕೆ ಆನ್‌ಹೆಂಗರ್‌ಕುಪ್ಲುಂಗ್ ಎಂದು ಹೆಸರು. ಅಂಗಡಿಯಲ್ಲಿ ಮೂರಕ್ಷರದಲ್ಲಿ ಆ-ಹಾ-ಕಾ ಎನ್ನುತ್ತಾರೆ. ಹೊರಗೆ ಕಾಣುವುದು ಬಾತುಕೋಳಿಯ ಕತ್ತಿನಂತೆ ಬಾಗಿದ ಕಂಬಿ ಮತ್ತು ಅದರ ತುದಿಯ 50 ಮಿಲಿಮೀಟರ್ ಗುಂಡು ಮಾತ್ರ. ನಿಜವಾದ ಕೆಲಸ ಮಾಡುವುದು ಒಳಗಿರುವ ಅಡ್ಡತೊಲೆ ಮತ್ತು ಅದನ್ನು ವಾಹನಕ್ಕೆ ಬಿಗಿದಿರುವ ಬೋಲ್ಟುಗಳು. ಸಾಮಾನ್ಯ ಕಾರಿನಲ್ಲಿ ದೇಹವೇ ಚೌಕಟ್ಟು, ಬೇರೆ ಚಾಸಿ ಇರುವುದಿಲ್ಲ. ಅಮರೋಕ್, ರೇಂಜರ್, ಹೈಲಕ್ಸ್ ಮುಂತಾದ ಪಿಕಪ್ಪುಗಳಲ್ಲಿ ಹಾಗಲ್ಲ. ಕೆಳಗೆ ಏಣಿಯಾಕಾರದ ಚಾಸಿ, ಅಂದರೆ ಉದ್ದಕ್ಕೆ ಎರಡು ಉಕ್ಕಿನ ತೊಲೆ, ನಡುನಡುವೆ ಮೆಟ್ಟಿಲಿನಂತೆ ಅಡ್ಡಪಟ್ಟಿ. ಅದರ ಮೇಲೆ ಕ್ಯಾಬಿನ್ನು, ಹಿಂದೆ ಸಾಮಾನಿನ ತೊಟ್ಟಿ. ಕೊಂಡಿ ಹಿಡಿಯಬೇಕಾದದ್ದು ಆ ಎರಡು ತೊಲೆಗಳ ಹಿಂತುದಿಗಳನ್ನು. ಬಂಪರನ್ನಲ್ಲ, ತೊಟ್ಟಿಯ ತಗಡನ್ನಂತೂ ಅಲ್ಲವೇ ಅಲ್ಲ.

ಕೊಂಡಿ ಕೊಳ್ಳುವ ಮೊದಲು ನಿಮ್ಮ ಫಾರ್ತ್ಸೊಯ್ಗ್‌ಶೈನ್ ತೆಗೆದು ನೋಡಿ. ಅದರಲ್ಲಿ ಓ.1 ಎಂಬ ಮನೆಯಲ್ಲಿ ಬ್ರೇಕ್ ಇರುವ ಟ್ರೇಲರ್ ಎಷ್ಟು ಕೆಜಿ ಎಳೆಯಬಹುದು ಎಂದಿರುತ್ತದೆ. ಓ.2ರಲ್ಲಿ ಬ್ರೇಕ್ ಇಲ್ಲದ್ದು, ಇದು ಎಂಥ ದೊಡ್ಡ ವಾಹನಕ್ಕೂ 750 ಕೆಜಿ ದಾಟುವುದಿಲ್ಲ. 13ನೇ ಮನೆಯಲ್ಲಿ ಶ್ಟ್ಯುಟ್ಸ್‌ಲಾಸ್ಟ್, ಅಂದರೆ ಟ್ರೇಲರಿನ ಮೂತಿ ಗುಂಡಿನ ಮೇಲೆ ಕೆಳಮುಖವಾಗಿ ಎಷ್ಟು ಭಾರ ಹಾಕಬಹುದು ಎಂಬ ಸಂಖ್ಯೆ. ಓ.1, ಓ.2 ಎರಡರಲ್ಲೂ ಬರೀ ಗೆರೆ ಎಳೆದಿದ್ದರೆ ಆ ವಾಹನಕ್ಕೆ ಟ್ರೇಲರ್ ಎಳೆಯುವ ಅನುಮತಿಯೇ ಇಲ್ಲ. ಹಿಂದೆ ಎಷ್ಟೇ ಗಟ್ಟಿ ಕೊಂಡಿ ಹಾಕಿದರೂ ಆ ಗೆರೆ ಅಳಿಯುವುದಿಲ್ಲ.

ಇನ್ನು ಕೊಂಡಿಯ ಮೇಲಿನ ಪಟ್ಟಿ. ಅಲ್ಲಿ ಇ ಅಕ್ಷರದ ಅನುಮೋದನೆ ಸಂಖ್ಯೆ ಇರಬೇಕು. ಇದು ವಿಶ್ವಸಂಸ್ಥೆಯ 55ನೇ ವಾಹನ ನಿಯಮದ ಪ್ರಕಾರ ಪರೀಕ್ಷೆಯಾಗಿದೆ ಎಂಬ ಗುರುತು. ಜೊತೆಗೆ ಎಸ್ ಮತ್ತು ಡಿ ಎಂಬ ಎರಡು ಬೆಲೆಗಳಿರುತ್ತವೆ. ಎಸ್ ಎಂದರೆ ಆಗಲೇ ಹೇಳಿದ ಕೆಳಮುಖದ ಭಾರ. ಡಿ ಸ್ವಲ್ಪ ಸ್ವಾರಸ್ಯದ್ದು. ವಾಹನ ಮತ್ತು ಟ್ರೇಲರ್ ಒಂದನ್ನೊಂದು ಎಳೆಯುವಾಗ, ತಳ್ಳುವಾಗ ಕೊಂಡಿಯ ಮೇಲೆ ಬೀಳುವ ಅಡ್ಡ ಬಲದ ಅಳತೆ ಅದು, ಕಿಲೋನ್ಯೂಟನ್ ಲೆಕ್ಕದಲ್ಲಿ. ಎರಡರ ಗರಿಷ್ಠ ತೂಕವನ್ನು ಟನ್ನಿನಲ್ಲಿ ಬರೆದು ಒಂದಕ್ಕೊಂದು ಗುಣಿಸಿ, ಬಂದದ್ದನ್ನು ಎರಡರ ಮೊತ್ತದಿಂದ ಭಾಗಿಸಿ, 9.81ರಿಂದ ಗುಣಿಸಿದರೆ ಡಿ ಸಿಗುತ್ತದೆ. ನನ್ನ ಪಿಕಪ್ 2.8 ಟನ್, ಎಳೆಯಬೇಕೆಂದಿದ್ದ ಟ್ರೇಲರ್ 2 ಟನ್. ಗುಣಿಸಿದರೆ 5.6, ಕೂಡಿದರೆ 4.8, ಭಾಗಿಸಿ 9.81ರಿಂದ ಗುಣಿಸಿದರೆ ಸುಮಾರು 11.4. ಅಗ್ಗಕ್ಕೆ ಸಿಕ್ಕಿದ್ದ ಹಳೆಯ ಕೊಂಡಿಯೊಂದರ ಮೇಲೆ 10.2 ಎಂದಿತ್ತು. ನೋಡಲು ಆನೆಯಂತಿತ್ತು, ಆದರೂ ಬಿಟ್ಟುಬಂದೆ. ವಾಹನ, ಕೊಂಡಿ, ಟ್ರೇಲರ್ ಮೂರರ ಸಂಖ್ಯೆಗಳಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ.

ಅಮೆರಿಕದಿಂದ ತಂದ ಪಿಕಪ್ಪುಗಳು ಜರ್ಮನಿಯಲ್ಲೂ ಅಲ್ಲಲ್ಲಿ ಕಾಣುತ್ತವೆ. ಅವನ್ನು ಕೊಳ್ಳುವ ಆಸೆಯಿರುವವರಿಗೆ ಒಂದು ಮಾತು. ಅಲ್ಲಿಯ ಪದ್ಧತಿಯಲ್ಲಿ ಚಾಸಿಗೆ ಎರಡು ಇಂಚಿನ ಚೌಕ ಕೊಳವೆ, ಅದರೊಳಗೆ ತೂರಿಸುವ ಗುಂಡು. ಗುಂಡಿನ ಅಳತೆಯೂ ಇಂಚಿನದ್ದೇ. ಎರಡು ಇಂಚು ಎಂದರೆ 50.8 ಮಿಲಿಮೀಟರ್, ಇಲ್ಲಿಯದು 50. ಮುಕ್ಕಾಲು ಮಿಲಿಮೀಟರ್ ತಾನೇ ಎನ್ನಬೇಡಿ, ಇಲ್ಲಿಯ ಟ್ರೇಲರಿನ ಬಾಯಿ ಅದರ ಮೇಲೆ ಪೂರ್ತಿ ಕೂರುವುದೂ ಇಲ್ಲ, ಬೀಗ ಬೀಳುವುದೂ ಇಲ್ಲ. ಇಲ್ಲಿಯ ಗುಂಡೂ ಸವೆಯುತ್ತದೆ. ಯಾವ ದಿಕ್ಕಿನಲ್ಲಿ ಅಳೆದರೂ 49 ಮಿಲಿಮೀಟರಿಗಿಂತ ಕಡಿಮೆಯಾದರೆ ಬದಲಾಯಿಸಬೇಕು.

ಈಗ ವಾಹನದ ಕೆಳಗೆ ಹೋಗೋಣ. ಗಂಟೆ ಲೆಕ್ಕದಲ್ಲಿ ಲಿಫ್ಟ್ ಬಾಡಿಗೆಗೆ ಕೊಡುವ ಮೀಟ್‌ವೆರ್ಕ್‌ಶ್ಟಾಟ್ ಎಂಬ ಜಾಗಗಳು ಇಲ್ಲಿ ಅನೇಕ ಊರುಗಳಲ್ಲಿವೆ. ಅಲ್ಲಿ ಮಾಡುವುದೇ ಒಳ್ಳೆಯದು. ಬರೀ ಜಾಕಿನ ಮೇಲೆ ನಿಂತ ವಾಹನದ ಕೆಳಗೆ ಮಲಗಲೇಬೇಡಿ, ತೂಕ ತಡೆಯುವ ಸ್ಟ್ಯಾಂಡ್ ಇಟ್ಟು, ಗಾಲಿಗೆ ಅಡೆ ಕೊಟ್ಟೇ ಇಳಿಯಿರಿ. ಕೊಂಡಿಯ ತೊಲೆ ಇಪ್ಪತ್ತು-ಮೂವತ್ತು ಕೆಜಿ ಇರುವುದರಿಂದ ಮಲಗಿಕೊಂಡು ಒಬ್ಬರೇ ಎತ್ತಿ ಹಿಡಿದು ಬೋಲ್ಟ್ ಹಾಕುವುದು ಆಗದ ಮಾತು. ನನಗೆ ಸಂಘದ ಗೆಳೆಯರೊಬ್ಬರು ಕೈಜೋಡಿಸಿದ್ದರು.

ಮೊದಲ ಕೆಲಸ ತುಕ್ಕು ನೋಡುವುದು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಚಾಸಿಯ ಹಿಂತುದಿಯಲ್ಲಿ, ಸ್ಟೆಪ್ನಿ ತೂಗುಹಾಕುವ ಜಾಗದ ಸುತ್ತ ಕೂತು ಒಳಗಿಂದಲೇ ತಿನ್ನುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮಜ್ಜಿ ಬೆರಳಿನಿಂದ ತಟ್ಟಿ ನೋಡುತ್ತಿದ್ದರಲ್ಲ, ಹಾಗೆಯೇ ಸಣ್ಣ ಸುತ್ತಿಗೆಯಿಂದ ತೊಲೆಯುದ್ದಕ್ಕೂ ತಟ್ಟುತ್ತಾ ಬನ್ನಿ. ಗಟ್ಟಿ ಉಕ್ಕು ಠಣ್ ಎನ್ನುತ್ತದೆ, ಸವೆದ ಜಾಗ ಡಬ್ ಎನ್ನುತ್ತದೆ. ಸ್ಕ್ರೂಡ್ರೈವರ್ ತುದಿ ಒತ್ತಿದಾಗ ಪದರ ಉದುರಿದರೆ ಅಲ್ಲಿಗೆ ನಿಲ್ಲಿಸಿ. ಅಂಥ ಚಾಸಿಗೆ ಹೊಸ ಕೊಂಡಿ ಹಾಕುವುದೆಂದರೆ ಗೆದ್ದಲು ತಿಂದ ತೊಲೆಗೆ ತೊಟ್ಟಿಲು ಕಟ್ಟಿದಂತೆ.

ಮುಂದಿನದು ತೂತುಗಳ ವಿಷಯ. ವಾಹನ ತಯಾರಕರು ಕೊಂಡಿಗೆಂದೇ ಚಾಸಿಯಲ್ಲಿ ಜಾಗ ಗೊತ್ತುಮಾಡಿರುತ್ತಾರೆ. ನಿಮ್ಮ ಮಾದರಿಗೆಂದೇ ತಯಾರಾದ ಕೊಂಡಿ ಆ ತೂತುಗಳಿಗೆ ಸರಿಯಾಗಿ ಕೂರುತ್ತದೆ. ಕೂರದಿದ್ದರೆ ನೀವು ತಂದದ್ದು ಬೇರೆ ವಾಹನದ ಕೊಂಡಿ. "ಅರ್ಧ ಇಂಚು ಆಚೆ ಒಂದು ತೂತು ಕೊರೆದರೆ ಆಯಿತು" ಎಂಬ ಯೋಚನೆ ಅಪಾಯದ್ದು. ತೊಲೆ ಬಾಗುವಾಗ ಅತಿ ಹೆಚ್ಚು ಒತ್ತಡ ಬೀಳುವುದು ಅದರ ಮೇಲಂಚು ಮತ್ತು ಕೆಳಂಚಿನಲ್ಲಿ, ನಡುಭಾಗದಲ್ಲಿ ಬಹಳ ಕಡಿಮೆ. ಎಳೆತಕ್ಕೆ ಸಿಕ್ಕ ಅಗಲವಾದ ತಗಡಿನಲ್ಲಿ ಒಂದು ದುಂಡು ತೂತಿದ್ದರೆ ಅದರ ಅಂಚಿನಲ್ಲಿ ಒತ್ತಡ ಮೂರು ಪಟ್ಟಾಗುತ್ತದೆ ಎಂಬುದನ್ನು 1898ರಲ್ಲೇ ಕಿರ್ಶ್ ಎಂಬ ಜರ್ಮನ್ ಇಂಜಿನಿಯರ್ ಲೆಕ್ಕ ಹಾಕಿ ತೋರಿಸಿದ್ದಾರೆ. ತೊಲೆಯ ಕೆಳಂಚಿನಲ್ಲಿ ನೀವು ಕೊರೆದ ತೂತು ಇವತ್ತೇ ಮುರಿಯುವುದಿಲ್ಲ. ಸಾವಿರಾರು ಸಲ ಕುಲುಕಿದ ಮೇಲೆ ಅಲ್ಲಿಂದ ಕೂದಲೆಳೆಯ ಬಿರುಕು ಹೊರಡುತ್ತದೆ. ವೆಲ್ಡಿಂಗ್ ಕಥೆಯೂ ಅಷ್ಟೇ. ಊರಲ್ಲಿ ಕಬ್ಬಿನ ಟ್ರೇಲರಿಗೆ ಸಂಜೆಯೊಳಗೆ ಪಟ್ಟಿ ಬೆಸೆದು ಕಳಿಸುವುದನ್ನು ನೋಡಿ ಬೆಳೆದವರು ನಾವು. ಆದರೆ ಈಗಿನ ಚಾಸಿಗಳ ಗಟ್ಟಿ ಉಕ್ಕು ಬೆಸುಗೆಯ ಬಿಸಿಗೆ ಪಕ್ಕದಲ್ಲೇ ತನ್ನ ಕಸುವು ಕಳೆದುಕೊಳ್ಳುತ್ತದೆ. ಮೇಲಾಗಿ ಜರ್ಮನಿಯಲ್ಲಿ ಇಂಥ ಅಪಾಯಕಾರಿ ಬದಲಾವಣೆಯಿಂದ ವಾಹನದ ಬೆಟ್ರೀಬ್ಸ್‌ಎರ್‌ಲೌಬ್ನಿಸ್, ಅಂದರೆ ರಸ್ತೆಗಿಳಿಯುವ ಪರವಾನಗಿಯೇ ಬಿದ್ದುಹೋಗುತ್ತದೆ.

ಬೋಲ್ಟಿನ ಬಗ್ಗೆ ನಮ್ಮಲ್ಲಿ ಬಹಳ ಜನರಿಗೆ ಒಂದು ತಪ್ಪು ಕಲ್ಪನೆ ಇದೆ, ನನಗೂ ಇತ್ತು. ಬೋಲ್ಟು ಮೊಳೆಯಂತೆ ಅಡ್ಡ ನಿಂತು ಭಾರ ಹೊರುತ್ತದೆ ಎಂದುಕೊಳ್ಳುತ್ತೇವೆ. ಹಾಗಲ್ಲ. ಬೋಲ್ಟನ್ನು ಬಿಗಿದಾಗ ಅದು ಸ್ಪ್ರಿಂಗಿನಂತೆ ಕೂದಲಷ್ಟು ಹಿಗ್ಗುತ್ತದೆ. ಆ ಹಿಗ್ಗಿನಿಂದ ಕೊಂಡಿಯ ತಟ್ಟೆಯನ್ನು ಚಾಸಿಗೆ ಒತ್ತಿ ಹಿಡಿಯುತ್ತದೆ. ಒತ್ತಿ ಹಿಡಿದ ಆ ಎರಡು ಉಕ್ಕುಗಳ ನಡುವಿನ ತಿಕ್ಕಾಟವೇ ಟ್ರೇಲರನ್ನು ಎಳೆಯುವುದು. 12 ಮಿಲಿಮೀಟರಿನ, 8.8 ದರ್ಜೆಯ ಒಂದು ಬೋಲ್ಟು ಸರಿಯಾಗಿ ಬಿಗಿದಾಗ ಸುಮಾರು 40 ಕಿಲೋನ್ಯೂಟನ್, ಅಂದರೆ ನಾಲ್ಕು ಟನ್ ಹೇರಿದಷ್ಟು ಒತ್ತುತ್ತದೆ. ತಲೆಯ ಮೇಲಿನ ಆ 8.8ರಲ್ಲಿ ಮೊದಲ ಎಂಟು ಎಂದರೆ ಪ್ರತಿ ಚದರ ಮಿಲಿಮೀಟರಿಗೆ 800 ನ್ಯೂಟನ್‌ವರೆಗೆ ತುಂಡಾಗದೆ ತಡೆಯುವ ಉಕ್ಕು. ಎರಡನೆಯ ಎಂಟು ಎಂದರೆ ಅದರ ಶೇಕಡ 80ರವರೆಗೆ ಎಳೆದರೂ ಮತ್ತೆ ಮೊದಲಿನ ಉದ್ದಕ್ಕೇ ಮರಳುತ್ತದೆ ಎಂದು. ತಲೆಯ ಮೇಲೆ ಸಂಖ್ಯೆಯೇ ಇಲ್ಲದ ಬಾವ್‌ಮಾರ್ಕ್ಟ್ ಬೋಲ್ಟನ್ನು ಬೇಲಿಗೆ ಹಾಕಿ, ಕೊಂಡಿಗೆ ಬೇಡ.

ಇಷ್ಟು ತಿಳಿದರೆ ಕೈಪಿಡಿಯ ಸೂಚನೆಗಳು ಯಾಕಿವೆ ಎಂಬುದು ತಾನಾಗಿ ಅರ್ಥವಾಗುತ್ತದೆ. ಕೊಂಡಿ ತಾಗುವ ಜಾಗದಲ್ಲಿ ಚಾಸಿಯ ಡಾಂಬರಿನಂಥ ಲೇಪ, ಮೇಣ ಎಲ್ಲವನ್ನೂ ಕೆರೆದು ತೆಗೆಯಿರಿ ಎನ್ನುತ್ತಾರೆ. ಏಕೆಂದರೆ ಮೆತ್ತನೆಯ ಪದರ ನಡುವೆ ಉಳಿದರೆ ವಾರಗಳಲ್ಲಿ ಅದು ಹಿಸುಕಿಹೋಗಿ ಬೋಲ್ಟಿನ ಬಿಗಿ ಸಡಿಲವಾಗುತ್ತದೆ. ಬರಿದಾದ ಉಕ್ಕಿಗೆ ತುಕ್ಕು ತಡೆಯುವ ಬಣ್ಣ ತೆಳ್ಳಗೆ ಬಳಿಯಬೇಕು. ಪೆಟ್ಟಿಗೆಯಾಕಾರದ ತೊಲೆಯಲ್ಲಿ ಬೋಲ್ಟು ಆರುಪಾರಾಗಿ ಹೋಗುವುದಾದರೆ ಒಳಗೆ ಕೊಟ್ಟಿರುವ ಕೊಳವೆಯನ್ನು ಹಾಕಲೇಬೇಕು, ಇಲ್ಲವಾದರೆ ಬಿಗಿದಂತೆಲ್ಲ ಪೆಟ್ಟಿಗೆ ಅಪ್ಪಚ್ಚಿಯಾಗುತ್ತದೆ, ಬಿಗಿ ನಿಲ್ಲುವುದಿಲ್ಲ. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಲ್ಲೇ ಹಾಕಿ, ಕೊಂಡಿ ವಾಹನದ ನಟ್ಟನಡುವೆ ಇದೆಯೇ ಎಂದು ಅಳೆದು, ಆಮೇಲೆ ಟಾರ್ಕ್ ರೆಂಚಿನಿಂದ ಎಡಬಲ ಬದಲಿಸುತ್ತಾ ಬಿಗಿಯಬೇಕು. 12 ಮಿಲಿಮೀಟರಿನ 8.8 ಬೋಲ್ಟಿಗೆ ಸುಮಾರು 80 ನ್ಯೂಟನ್ ಮೀಟರ್ ಎಂಬುದು ಬರೀ ಅಂದಾಜು, ನಿಮ್ಮ ಕೈಪಿಡಿಯಲ್ಲಿರುವುದೇ ಅಂತಿಮ. ನೀವು ಹಾಕುವ ತಿರುಚುಬಲದ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಮರೆಯ ಮತ್ತು ತಲೆಯ ತಿಕ್ಕಾಟಕ್ಕೇ ಹೋಗುತ್ತದೆ. ಆದ್ದರಿಂದ ಹೇಳದೇ ಇದ್ದಲ್ಲಿ ಎಣ್ಣೆ ಸವರಿದರೆ ಅದೇ ಸಂಖ್ಯೆಯಲ್ಲಿ ಬೋಲ್ಟು ಮಿತಿಮೀರಿ ಹಿಗ್ಗಿಬಿಡುತ್ತದೆ. ನನ್ನ ಗೆಳೆಯರು "ಇನ್ನೊಂದು ಸುತ್ತು ಬಿಗಿ ಇರಲಿ, ನಮ್ಮದೇನು ಗಂಟು ಹೋಗುತ್ತೆ" ಎಂದರು. ಬೋಲ್ಟೇ ಹೋಗುತ್ತೆ ಸ್ವಾಮಿ! ಒಂದು ಸಾವಿರ ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ರೆಂಚ್ ಹಾಕಿ ನೋಡಬೇಕು.

ವೈರಿಂಗಿನಲ್ಲಿ ನಮ್ಮ ಸಾಫ್ಟ್‌ವೇರ್ ಜನ ಜಾಣತನ ತೋರಿಸಲು ಹೋಗುತ್ತೇವೆ, ಅಲ್ಲೇ ಕೆಡುವುದು. ಹಿಂದಿನ ದೀಪದ ತಂತಿಯನ್ನು ಸೀಳಿ ಟ್ರೇಲರಿಗೆ ಕೊಡುವ ಕಾಲ ಹೋಯಿತು. ಬಾಷ್ ಕಂಪನಿ 1986ರಲ್ಲಿ ಜಗತ್ತಿಗೆ ತೋರಿಸಿದ ಕ್ಯಾನ್ ಬಸ್ ಈಗ ವಾಹನದ ನರಮಂಡಲ. ಅದಕ್ಕೆ ಟ್ರೇಲರ್ ಸೇರಿದೆ ಎಂದು ಗೊತ್ತಾದರೆ ಮಾತ್ರ ಓಲಾಟ ತಡೆಯುವ ವ್ಯವಸ್ಥೆ ಇರುವ ವಾಹನಗಳಲ್ಲಿ ಅದು ಕೆಲಸ ಮಾಡುತ್ತದೆ, ಹಿಂದಿನ ಪಾರ್ಕಿಂಗ್ ಸೆನ್ಸರ್ ಬಾಯಿ ಮುಚ್ಚುತ್ತದೆ. ವಾಹನಕ್ಕೆಂದೇ ಬರುವ 13 ಪಿನ್ನಿನ ವೈರಿಂಗ್ ಸೆಟ್ ಕೊಂಡು, ಕೊನೆಯ ಕೋಡಿಂಗನ್ನು ವರ್ಕ್‌ಶಾಪಿನಲ್ಲಿ ಮಾಡಿಸಿ. ನಾನು ಹಾಗೇ ಮಾಡಿದೆ, ಮಾನ ಹೋಗಲಿಲ್ಲ.

ಟ್ಯುಫ್‌ಗೆ ತೋರಿಸಬೇಕೇ ಎಂಬ ಪ್ರಶ್ನೆ ಎಲ್ಲರದೂ. ಕೊಂಡಿಗೆ ನಿಮ್ಮ ಮಾದರಿಯ ಹೆಸರಿರುವ ಯುರೋಪಿಯನ್ ಅನುಮೋದನೆ ಇದ್ದು, ಕೈಪಿಡಿಯಂತೆಯೇ ಕೂರಿಸಿದ್ದರೆ ವಾಹನದ ಕಾಗದದಲ್ಲಿ ಬರೆಸಬೇಕಿಲ್ಲ, ಕೊಂಡಿಯ ಕಾಗದಗಳನ್ನು ವಾಹನದಲ್ಲೇ ಇಟ್ಟುಕೊಂಡರೆ ಸಾಕು. ಉಳಿದ ಸಂದರ್ಭಗಳಲ್ಲಿ ಪರೀಕ್ಷಕರಿಗೆ ತೋರಿಸಲೇಬೇಕು. ಬೇಕಿಲ್ಲದಿದ್ದರೂ ನಾನು ಒಮ್ಮೆ ತೋರಿಸಿಕೊಂಡು ಬಂದೆ, ಹಿಂದಿನ ಸೀಟಿನಲ್ಲಿ ಮಕ್ಕಳು ಕೂರುತ್ತಾರಲ್ಲ. ಲೈಸೆನ್ಸಿನ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಬಿ ದರ್ಜೆಯಲ್ಲಿ 750 ಕೆಜಿಯವರೆಗಿನ ಟ್ರೇಲರ್ ಎಳೆಯಬಹುದು. ಅದಕ್ಕಿಂತ ದೊಡ್ಡದಾದರೆ ಎರಡೂ ಸೇರಿ 3,500 ಕೆಜಿ ದಾಟಬಾರದು. ಪರೀಕ್ಷೆಯಿಲ್ಲದೆ ಬರೀ ತರಬೇತಿಯಿಂದ ಸಿಗುವ ಬಿ-96ರಲ್ಲಿ 4,250ರವರೆಗೆ. ಅದರಾಚೆಗೆ ಬಿ-ಇ ಬೇಕು, ಅದಕ್ಕೆ ಓಡಿಸಿ ತೋರಿಸುವ ಪರೀಕ್ಷೆ ಇದೆ. ಲೈಸೆನ್ಸಿಗೆ ಲೆಕ್ಕ ಕಾಗದದ ಮೇಲಿನ ಗರಿಷ್ಠ ತೂಕ, ಖಾಲಿ ಟ್ರೇಲರ್ ಎಳೆದರೂ ಅದೇ. ಎರಡು ಟನ್ನಿನ ಟ್ರೇಲರಿಗೆಂದು ನಾನು ಬಿ-ಇ ಮಾಡಿಕೊಳ್ಳಬೇಕಾಯಿತು.

ಈಗ ಆ ಕಥೆ. ಕಳೆದ ವರ್ಷ ಸಂಘದ ಕಾರ್ಯಕ್ರಮಕ್ಕೆ ಸಾಮಾನು ಹೇರಿಕೊಂಡು ಏ-7ರಲ್ಲಿ ಹೊರಟಿದ್ದೆ. ಹೋದ ತಕ್ಷಣ ಅಡುಗೆ ಶುರುವಾಗಬೇಕು ಎಂದು ದೊಡ್ಡ ಗ್ರೈಂಡರ್, ಹಂಡೆ, ಅಕ್ಕಿ ಮೂಟೆ ಎಲ್ಲವನ್ನೂ ಕೊನೆಗೆ, ಟ್ರೇಲರಿನ ಬಾಲದ ಕಡೆಗೆ ಇಟ್ಟಿದ್ದೆ. ಮುಂದೆ ಹಗುರವಾದ ಪರದೆ, ಬಟ್ಟೆ. ಕಾಸೆಲ್ ಬೆಟ್ಟಗಳ ಇಳಿಜಾರಿನಲ್ಲಿ, ವೇಗ ಎಂಬತ್ತರ ಆಸುಪಾಸು, ಕನ್ನಡಿಯಲ್ಲಿ ಟ್ರೇಲರ್ ಒಮ್ಮೆ ಎಡಕ್ಕೆ ಇಣುಕಿತು. ಮರುಕ್ಷಣ ಬಲಕ್ಕೆ. ಮತ್ತೆ ಎಡಕ್ಕೆ, ಈ ಸಲ ಇನ್ನೂ ಜಾಸ್ತಿ. ಪಿಕಪ್ಪಿನ ಬಾಲವೂ ಜೊತೆಗೆ ಕುಣಿಯತೊಡಗಿತು. ಬಿ-ಇ ಕಲಿಸಿದ ಗುರುಗಳು ಹೇಳಿದ್ದು ನೆನಪಿಗೆ ಬಂತು: ಸ್ಟೀರಿಂಗ್ ನೇರ ಹಿಡಿ, ಅದರ ಹಿಂದೆ ತಿರುಗಿಸಲು ಹೋಗಬೇಡ, ಆಕ್ಸಿಲರೇಟರ್ ಬಿಡು, ಬ್ರೇಕ್ ಒತ್ತು. ಒತ್ತಿದೆ. ನಾಲ್ಕೈದು ಸೆಕೆಂಡಿನಲ್ಲಿ ನೆಟ್ಟಗಾಯಿತು. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆಯಿಂದ ಎದ್ದು "ಬಂತಾ ಅಪ್ಪಾ?" ಎಂದಳು. ಹೆಂಡತಿ ಮಾತಾಡಲಿಲ್ಲ. ಮುಂದಿನ ವಿಶ್ರಾಂತಿ ತಾಣದವರೆಗೂ ನಾನೂ ಮಾತಾಡಲಿಲ್ಲ.

ಕೆಳಗಿಳಿದು ಕೊಂಡಿ ಮುಟ್ಟಿ ನೋಡಿದೆ. ಒಂದು ಬೋಲ್ಟೂ ಕದಲಿರಲಿಲ್ಲ. ಹೇರಿದ್ದೇ ತಪ್ಪು. ಆ ರಾತ್ರಿ ಮಂಡ್ಯದ ಹಳ್ಳಿಗೆ ಫೋನ್ ಮಾಡಿದಾಗ ಅಪ್ಪನಿಗೆ ಎಲ್ಲ ಹೇಳಿದೆ. ಡಿ-ಬೆಲೆ, ಶ್ಟ್ಯುಟ್ಸ್‌ಲಾಸ್ಟ್ ಎಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ: "ಗಾಡಿ ಹಿಂಭಾರ ಆಗಿತ್ತೇನ್ಲಾ?"

ಎತ್ತಿನಗಾಡಿ ಹೂಡಿದವರಿಗೆ ಇದು ಗೊತ್ತು. ಭಾರ ಅಚ್ಚಿನ ಹಿಂದಕ್ಕೆ ಹೋದರೆ ಮೂಕಿ ಮೇಲಕ್ಕೇಳುತ್ತದೆ, ನೊಗ ಎತ್ತಿನ ಹೆಗಲು ಬಿಟ್ಟು ಕೊರಳ ಕಣ್ಣಿ ಬಿಗಿಯುತ್ತದೆ. ಮುಂಭಾರ ಅತಿಯಾದರೆ ಎತ್ತು ಕುಸಿಯುತ್ತದೆ. ಸ್ವಲ್ಪವೇ ಮುಂಭಾರ ಇರಬೇಕು. ಜರ್ಮನ್ ಕಾನೂನು ಅದನ್ನೇ ಸಂಖ್ಯೆಯಲ್ಲಿ ಹೇಳುತ್ತದೆ: ಗುಂಡಿನ ಮೇಲೆ ಟ್ರೇಲರಿನ ಆಗಿನ ತೂಕದ ಶೇಕಡ 4ರಷ್ಟಾದರೂ ಭಾರ ಬೀಳಬೇಕು, ಆ ಲೆಕ್ಕ 25 ಕೆಜಿ ದಾಟಿದರೆ 25 ಇದ್ದರೆ ಸಾಕು. ಆದರೆ ಕನಿಷ್ಠಕ್ಕೆ ತೃಪ್ತಿಪಡಬೇಡಿ, ವಾಹನ, ಕೊಂಡಿ, ಟ್ರೇಲರ್ ಮೂರರಲ್ಲಿ ಕಡಿಮೆ ಇರುವ ಶ್ಟ್ಯುಟ್ಸ್‌ಲಾಸ್ಟ್‌ನ ಹತ್ತಿರಕ್ಕೆ ತನ್ನಿ. ಅಳೆಯುವುದು ಸುಲಭ. ಸ್ನಾನದಮನೆಯಲ್ಲಿರುವ ತೂಕದ ಯಂತ್ರವನ್ನು ಸಮನೆಲದ ಮೇಲಿಟ್ಟು, ಗುಂಡಿನ ಎತ್ತರಕ್ಕೆ ಸರಿಯಾಗಿ ಕತ್ತರಿಸಿದ ಮರದ ತುಂಡನ್ನು ಅದರ ಮೇಲೆ ನಿಲ್ಲಿಸಿ, ಹೇರಿದ ಟ್ರೇಲರಿನ ಮೂತಿಯನ್ನು ಆ ತುಂಡಿನ ಮೇಲೆ ಇಳಿಸಿ ಓದಿಕೊಳ್ಳಿ. ಕಡಿಮೆ ಬಂದರೆ ಅಕ್ಕಿ ಮೂಟೆ ಮುಂದಕ್ಕೆ, ಜಾಸ್ತಿ ಬಂದರೆ ಹಿಂದಕ್ಕೆ. ಭಾರದ ಸಾಮಾನು ಯಾವಾಗಲೂ ಅಚ್ಚಿನ ಮೇಲೆ, ತಳದಲ್ಲಿ.

ಬರೀ ಸೈಕಲ್ ಕ್ಯಾರಿಯರ್‌ಗೆಂದು ಕೊಂಡಿ ಹಾಕಿಸುವವರೂ ಇದೇ ಲೆಕ್ಕ ನೋಡಬೇಕು. ಮಿತಿ 75 ಕೆಜಿ ಇದ್ದು, ಕ್ಯಾರಿಯರ್ 18, ಎರಡು ಎಲೆಕ್ಟ್ರಿಕ್ ಸೈಕಲ್ 25ರಂತೆ 50 ಆದರೆ 68. ಮಗುವಿನ ಸೈಕಲ್ ಹತ್ತು ಕೆಜಿ ಇದ್ದರೆ ಅದು ಒಳಗೇ ಬರಬೇಕು.

ಹೊರಡುವ ಮುನ್ನ ನಾನು ಮಾಡುವುದಿಷ್ಟು. ಟ್ರೇಲರಿನ ಬಾಯಿ ಬೀಗ ಬಿದ್ದು ಹಸಿರು ಗುರುತು ಕಾಣುತ್ತಿದೆಯೇ ನೋಡುತ್ತೇನೆ, ಮೂತಿ ಹಿಡಿದು ಮೇಲಕ್ಕೆ ಜಗ್ಗುತ್ತೇನೆ, ಮುಂದಿನ ಸಣ್ಣ ಗಾಲಿ ಪೂರ್ತಿ ಎತ್ತಿ ಬಿಗಿಯುತ್ತೇನೆ, ಮಗಳನ್ನು ಹಿಂದೆ ನಿಲ್ಲಿಸಿ ದೀಪಗಳನ್ನು ಕೂಗಿಸುತ್ತೇನೆ. ಬ್ರೇಕ್ ಇರುವ ಟ್ರೇಲರಿಗೆ ಆಬ್‌ರೈಸ್‌ಸೈಲ್ ಎಂಬ ತೆಳು ಉಕ್ಕಿನ ಹಗ್ಗವಿರುತ್ತದೆ. ಅಕಸ್ಮಾತ್ ಟ್ರೇಲರ್ ಕಳಚಿದರೆ ಅದು ಜಗ್ಗಿ ಟ್ರೇಲರಿನ ಬ್ರೇಕ್ ಹಾಕಿ ಆಮೇಲೆ ತುಂಡಾಗುತ್ತದೆ. ಇಲ್ಲಿ ಅದನ್ನು ಕೊಂಡಿಯ ಕತ್ತಿಗೆ ಸುತ್ತಿ ಹಾಕುವ ರೂಢಿಯಿದೆ. ಆದರೆ ನೆದರ್ಲೆಂಡ್ಸ್, ಸ್ವಿಟ್ಜರ್ಲೆಂಡ್ ಕಡೆ ಹೊರಟರೆ ಹಾಗೆ ನಡೆಯುವುದಿಲ್ಲ, ಕೊಂಡಿಯಲ್ಲಿ ಅದಕ್ಕೆಂದೇ ಒಂದು ಬಳೆ ಇರಬೇಕು. ಕೊಂಡಿ ಕೊಳ್ಳುವಾಗಲೇ ಆ ಬಳೆ ಇರುವುದನ್ನು ಆರಿಸಿದರೆ ಆಮೇಲಿನ ತಲೆನೋವು ತಪ್ಪುತ್ತದೆ.

ಯುಗಾದಿ ಕಾರ್ಯಕ್ರಮಕ್ಕೆ ಸಾಮಾನು ಸಾಗಿಸಲು ಟ್ರೇಲರ್ ಬೇಕಾದವರು ಸಂಘದ ಮೂಲಕ ಒಂದು ಮಾತು ತಿಳಿಸಿ, ಕೊಡುತ್ತೇನೆ. ತೂಕದ ಯಂತ್ರ ಮತ್ತು ಮರದ ತುಂಡು ಅದರೊಳಗೇ ಇರುತ್ತವೆ.